ಕಾಲಿಗೆ ಸಿಗದ ಹರಳು

“ಬುದ್ಧಿ, ನೋವೇ ಇಲ್ಲದ ಕಡೆ ನೋವನ್ನು ಹುಡುಕಿಕೊಂಡು ಹೋಗುವುದು ಅಜ್ಞಾನವಲ್ಲವೇ?”

ಹೀಗೆ ಕೇಳಿದವನು ಕೊಟ್ರಬಸಪ್ಪ. ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುವವನು, ವಯಸ್ಸು ಐವತ್ತಾರು. ವಾರಕ್ಕೊಮ್ಮೆ ಮಠಕ್ಕೆ ಬಂದು ಗುರುಗಳ ಮುಂದೆ ಒಂದು ಪ್ರಶ್ನೆ ಇಟ್ಟು ಹೋಗುವುದು ಅವನ ರೂಢಿ. ಆ ದಿನ ಗಿರಣಿಯ ಬಾಗಿಲು ಕೂಡ ತೆರೆಯದೆ ಬಿರಬಿರನೆ ನಡೆದು ಬಂದಿದ್ದ. ಗುರುಗಳು ಅಂಗಳದ ಬೇವಿನ ಕಟ್ಟೆಯ ಮೇಲೆ ಕುಳಿತಿದ್ದರು. ಕಟ್ಟೆಯ ಬುಡದಲ್ಲಿ ಚಪ್ಪಲಿ ಬಿಟ್ಟು, ಮೇಲೆ ಹತ್ತಿ, ನಮಸ್ಕಾರ ಮಾಡಿ, ಏರಿದ ಉಸಿರು ಇಳಿಯುವ ಮೊದಲೇ ಕೇಳಿಬಿಟ್ಟಿದ್ದ.

ಗುರುಗಳು ನಕ್ಕರು. “ಪ್ರಶ್ನೆ ದೊಡ್ಡದು. ಪುಸ್ತಕದಲ್ಲಿ ಸಿಕ್ಕಿತೋ, ಮನೆಯಲ್ಲಿ ಹುಟ್ಟಿತೋ?”

ಕೊಟ್ರಬಸಪ್ಪ ತಲೆ ಕೆರೆದುಕೊಂಡ. ಗುರುಗಳ ಮುಂದೆ ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

“ಮನೆಯಲ್ಲೇ, ಬುದ್ಧಿ. ನನಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷವಾಯಿತು. ಅಂಥವರ ಕಾಲನ್ನು ಸೋಮವಾರ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುತ್ತಾರಂತೆ. ಹೋಗೋಣ ಬನ್ನಿ ಅಂತ ನನ್ನ ಹೆಂಡತಿ ಹಾಲಮ್ಮ ಬೆನ್ನು ಬಿದ್ದಿದ್ದಾಳೆ. ಕಾಲು ನೋಯುತ್ತಿದ್ದರೆ ತೋರಿಸಬಹುದು. ನೋಯದ ಕಾಲನ್ನು ಏನಂತ ತೋರಿಸಲಿ? ದಿನವಿಡೀ ಗಿರಣಿಯಲ್ಲಿ ನಿಂತೇ ಇರುತ್ತೇನೆ. ಒಂದು ಕಾಲದಲ್ಲಿ ಸಂಜೆಯಾದರೆ ಅಂಗಾಲು ಉರಿಯುತ್ತಿತ್ತು. ಈಗ ಅದೂ ಇಲ್ಲ. ದೇಹ ಪಳಗಿದೆ. ಇದನ್ನು ಶಿವನ ಕೃಪೆ ಎನ್ನಬೇಕೋ, ರೋಗ ಎನ್ನಬೇಕೋ?”

ಇನ್ನೊಂದು ಸಂಗತಿಯನ್ನು ಮಾತ್ರ ಅವನು ಹೇಳಲಿಲ್ಲ. ಆ ಬೆಳಿಗ್ಗೆ ಹಾಲಮ್ಮ ಅವನ ಮುಂದೆ ರೊಟ್ಟಿ ಇಟ್ಟು, ಒಂದೂ ಮಾತಾಡದೆ ಒಳಗೆ ಹೋಗಿದ್ದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಮಾತು ಬಿಟ್ಟದ್ದು ಬೆರಳೆಣಿಕೆಯಷ್ಟು ಸಲ. ಅದು ಅವನಿಗೆ ಚುಚ್ಚಿತ್ತು. ಗುರುಗಳ ಬಾಯಿಂದ ತನ್ನ ಪರವಾಗಿ ಒಂದು ಮಾತು ಬಂದರೆ ಅದನ್ನು ಮನೆಗೆ ಒಯ್ದು ಹಾಲಮ್ಮನ ಮುಂದೆ ಇಡಬಹುದೆಂದು ಬಂದಿದ್ದ.

ಗುರುಗಳು ಏನನ್ನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಕಣ್ಣು ಕಟ್ಟೆಯ ಬುಡಕ್ಕೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಮುಖದ ಮೇಲಿದ್ದ ನಗು ಮೆಲ್ಲಗೆ ಇಳಿಯಿತು.

“ಒಂದು ಕತೆ ಹೇಳುತ್ತೇನೆ, ಕುಳಿತುಕೋ. ನಡುವೆ ಬಾಯಿ ಹಾಕಬೇಡ” ಎಂದು ಅವರು ಹೇಳತೊಡಗಿದರು.

ಒಬ್ಬ ಕುಂಬಾರನಿದ್ದ. ಎಲ್ಲ ಕುಂಬಾರರಿಗೂ ಹೆಸರು ಬರುವುದು ಕೈಯಿಂದ. ಇವನಿಗೆ ಬಂದದ್ದು ಕಾಲಿನಿಂದ. ಕೆರೆಯ ಮಣ್ಣು ತಂದು, ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೆನೆಹಾಕಿ, ಆಮೇಲೆ ಅದನ್ನು ತುಳಿಯಬೇಕು. ಜರಡಿಯ ಕಣ್ಣು ತಪ್ಪಿಸಿ ಬಂದ ಹರಳುಗಳು ಆ ಮಣ್ಣಿನಲ್ಲಿ ಅಡಗಿರುತ್ತವೆ. ಅದರಲ್ಲೂ ಸುಣ್ಣದ ಹರಳು ಬಲು ಕಪಟಿ. ಬೆಂಕಿಯಲ್ಲಿ ಬೇಯುವಾಗ ತೆಪ್ಪಗಿರುತ್ತದೆ. ಮಡಕೆ ಮನೆ ಸೇರಿ, ಒಳಗೆ ನೀರು ಬಿದ್ದ ಮೇಲೆ ಅದು ಉಬ್ಬುತ್ತದೆ. ಆಗ ಮಡಕೆ ಸೀಳುತ್ತದೆ. ಅಂಥ ಹರಳು ಎಳ್ಳಿನಷ್ಟಿದ್ದರೂ ಇವನ ಕಾಲಿಗೆ ಸಿಗುತ್ತಿತ್ತು. ಹಿಮ್ಮಡಿ ಊರಿ ಬೆರಳು ಎಳೆಯುವಾಗ ತಟ್ಟನೆ ನಿಲ್ಲುತ್ತಿದ್ದ. ಬಗ್ಗಿ, ಹರಳನ್ನು ಹೆಕ್ಕಿ, ಹಿಂದೆ ತಿರುಗಿ ನೋಡದೆ ಹೆಗಲ ಮೇಲಿಂದ ಗೋಡೆಯ ಕಡೆಗೆ ಎಸೆಯುತ್ತಿದ್ದ. ತುಳಿದು ಮುಗಿಸುವಷ್ಟರಲ್ಲಿ ಗೋಡೆಯ ಬುಡದಲ್ಲಿ ಹಿಡಿಯಷ್ಟು ಹರಳು ಬಿದ್ದಿರುತ್ತಿತ್ತು.

ಅವನ ಹೆಂಡತಿ ಆ ಹರಳುಗಳನ್ನು ಗುಡಿಸಿ ಒಯ್ದು ಬಾಗಿಲ ಮುಂದಿನ ಕೆಸರಿಗೆ ಹಾಕುತ್ತಿದ್ದಳು. ಮದುವೆಯಾಗಿ ಬಂದ ವರ್ಷ ಆ ಬಾಗಿಲಲ್ಲಿ ಕಾಲಿಟ್ಟರೆ ಪಾದ ಹೂತುಹೋಗುತ್ತಿತ್ತು. ಇಪ್ಪತ್ತೆಂಟು ವರ್ಷ ಹರಳು ಬಿದ್ದು ಬಿದ್ದು ಅಲ್ಲಿ ಈಗ ಗಟ್ಟಿ ನೆಲ. ಗಂಡನ ಕಾಲು ಕಟ್ಟಿಕೊಟ್ಟ ಅಂಗಳ ಅಂತ ಅವಳಿಗೆ ಅದರ ಮೇಲೆ ಒಂದು ಪ್ರೀತಿ.

ಕುಂಬಾರನಿಗೂ ನಿನ್ನ ಕಾಯಿಲೆಯೇ ಇತ್ತು. ಗೊತ್ತಾದ ಹೊಸದರಲ್ಲಿ ಒಂದು ತಿಂಗಳು ಚಹಾಕ್ಕೆ ಬೆಲ್ಲ ಹಾಕಿಕೊಳ್ಳಲಿಲ್ಲ. ಆಮೇಲೆ ಡಾಕ್ಟರ ಮಾತನ್ನು ಗಾಳಿಗೆ ತೂರಿದ. ಮೈಯಲ್ಲಿ ಏನೂ ಆಗುತ್ತಿರಲಿಲ್ಲವಲ್ಲ, ಅವನದೇನು ತಪ್ಪು ಹೇಳು.

ಹೀಗಿರುವಾಗ ಒಂದು ವರ್ಷ ಹೊಸ ಮಣ್ಣು ತುಳಿಯುತ್ತಿದ್ದವನು ಇದ್ದಕ್ಕಿದ್ದಂತೆ ಕೂಗಿ ಹೆಂಡತಿಯನ್ನು ಕರೆದ.

“ಬಾರೇ ಇಲ್ಲಿ! ಈ ಸಲದ ಮಣ್ಣು ಬೆಣ್ಣೆ ಕಣೇ, ಬೆಣ್ಣೆ! ಇಷ್ಟು ಹೊತ್ತು ತುಳಿದಿದ್ದೇನೆ, ಒಂದು ಹರಳು ಸಿಕ್ಕಿದ್ದರೆ ಕೇಳು.”

ಅವನ ಸಂತೋಷ ನೋಡಿ ಅವಳೂ ನಕ್ಕಳು. ಅವನು ಸ್ನಾನ ಮಾಡಿ, ಕೆರೆ ಏರಿಯ ಮೇಲಿನ ಗುಡಿಯ ಕೆರೆಯಮ್ಮನಿಗೆ ಒಂದು ತೆಂಗಿನಕಾಯಿ ಒಡೆದು ಬಂದ. ಹುಟ್ಟಿದಾಗಿನಿಂದ ಇಂಥ ಮಣ್ಣು ಕಂಡಿರಲಿಲ್ಲ ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ. ಆ ಮಣ್ಣಿನಲ್ಲಿ ಕೊಡ ಮಾಡಿದ, ಗಡಿಗೆ ಮಾಡಿದ. ಮಡಕೆ ಸುಡುವ ಆವಿಗೆಗೆ ಬೆಂಕಿ ಇಟ್ಟರು. ಎಲ್ಲ ಕೆಂಪಗೆ ಬೆಂದು ಬಂದವು. ಊರವರು ಕೊಂಡು ಹೋದರು.

ಒಂದು ವಾರ ಕಳೆಯಲಿಲ್ಲ, ಒಬ್ಬಳು ಸೀಳಿದ ಕೊಡ ತಂದು ಬಾಗಿಲಲ್ಲಿ ಇಟ್ಟಳು. ಮರುದಿನ ಇಬ್ಬರು ಬಂದರು. ಆಮೇಲೆ ಬಾಗಿಲಲ್ಲಿ ಒಡೆದ ಮಡಕೆಯ ಓಡಿನ ಗುಡ್ಡೆಯೇ ಆಯಿತು.

ಕುಂಬಾರ ಮೊದಲು ಸೌದೆಯನ್ನು ಬೈದ, ಹಸಿ ಸೌದೆ ಎಂದ. ಆಮೇಲೆ ಯಾರದೋ ಕಣ್ಣು ಬಿತ್ತು ಎಂದ. ಅದೂ ಮುಗಿದ ಮೇಲೆ ಹತ್ತಿರ ಉಳಿದವಳು ಹೆಂಡತಿ ಒಬ್ಬಳೇ. ಆವಿಗೆಯಲ್ಲಿ ಮಡಕೆ ಪೇರಿಸುವುದು ಅವಳ ಕೆಲಸ.

“ನಿನ್ನ ಕೈ ಕೆಟ್ಟಿದೆ” ಎಂದುಬಿಟ್ಟ.

ಅವಳು ತನ್ನ ಎರಡೂ ಕೈ ನೋಡಿಕೊಂಡಳು. ಹೇಳಿದ ಮರುಕ್ಷಣವೇ ಅವನಿಗೂ ಹೇಳಬಾರದಿತ್ತು ಅನ್ನಿಸಿತು. ಆದರೆ ಆಡಿದ ಮಾತನ್ನು ಹೇಗೆ ವಾಪಸು ತೆಗೆದುಕೊಳ್ಳುವುದೋ ಗೊತ್ತಾಗದೆ ಹೊರಗೆ ಎದ್ದು ಹೋದ. ಗಂಡಸರಿಗೆ ಇದೊಂದು ವಿದ್ಯೆ ಚೆನ್ನಾಗಿ ಬರುತ್ತದೆ, ಕೊಟ್ರಬಸಪ್ಪ.

ಎರಡನೆಯ ಆವಿಗೆಯನ್ನು ಅವಳು ಜೀವವನ್ನೇ ಕೈಯಲ್ಲಿ ಹಿಡಿದು ಪೇರಿಸಿದಳು. ಅದರ ಮಡಕೆಗಳೂ ಸೀಳಿದವು.

ಆಗ ಅವಳು ಒಂದು ಕೆಲಸ ಮಾಡಿದಳು. ಬಾಗಿಲಲ್ಲಿ ಬಿದ್ದ ಓಡುಗಳ ಮುಂದೆ ಕುಳಿತು ಒಂದೊಂದನ್ನೇ ತಿರುಗಿಸಿ ನೋಡಿದಳು. ಒಂದು ಓಡಿನ ಅಂಚಿನಲ್ಲಿ ಬಿಳಿ ಚುಕ್ಕೆ ಇತ್ತು, ಅರಳಿದ ಅನ್ನದ ಅಗುಳಿನ ಹಾಗೆ. ಇನ್ನೊಂದರಲ್ಲೂ ಇತ್ತು. ಮತ್ತೊಂದರಲ್ಲೂ ಇತ್ತು. ಕುಂಬಾರರ ಮನೆಯ ಮಗಳಿಗೆ ಅದೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸುಣ್ಣದ ಹರಳು.

ಅವಳು ತಲೆ ಎತ್ತಿ ಗೋಡೆಯ ಬುಡ ನೋಡಿದಳು. ಎಷ್ಟು ತಿಂಗಳಿಂದ ತಾನು ಅಲ್ಲಿ ಹರಳು ಗುಡಿಸಿಲ್ಲ ಎಂದು ನೆನಪು ಮಾಡಿಕೊಂಡಳು. ಬಾಗಿಲ ಮುಂದೆ ಈ ವರ್ಷ ಮತ್ತೆ ಅಲ್ಲಲ್ಲಿ ಕೆಸರು ಎದ್ದದ್ದು ಏಕೆ ಎಂದು ಈಗ ತಿಳಿಯಿತು. ಮಣ್ಣಿನಲ್ಲಿ ಹರಳು ಇದೆ. ಕಾಲಿಗೆ ಸಿಗುತ್ತಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಓಡನ್ನು ಗಂಡನ ಮುಖದ ಮುಂದೆ ಹಿಡಿದು, ಕೆಟ್ಟದ್ದು ಯಾರ ಕೈ ಎಂದು ಕೇಳುತ್ತಿದ್ದರು. ಕೇಳುವ ಹಕ್ಕು ಅವಳಿಗಿತ್ತು. ಆದರೆ ಅವಳಿಗೆ ಸಿಟ್ಟು ಬರಲಿಲ್ಲ, ಭಯ ಬಂತು. ಗಂಡನ ಚಿಕ್ಕಪ್ಪನಿಗೂ ಇದೇ ಕಾಯಿಲೆ ಇತ್ತು. ಕಾಲಿಗೆ ಮುಳ್ಳು ಹೊಕ್ಕದ್ದು ಅವನಿಗೆ ತಿಳಿಯಲೇ ಇಲ್ಲ. ತಿಳಿಯುವ ಹೊತ್ತಿಗೆ ಮೊಣಕಾಲಿನವರೆಗೆ ಕಾಲನ್ನೇ ತೆಗೆದುಹಾಕಿದ್ದರು. ಅವಳು ಸೊಸೆಯಾಗಿ ಬಂದಾಗ ಮೊದಲು ನಮಸ್ಕಾರ ಮಾಡಿದ್ದು ಆ ಮುದುಕನ ಉಳಿದ ಒಂದು ಪಾದಕ್ಕೆ.

ಅವರಲ್ಲಿ ಹೆಂಗಸರು ಮಣ್ಣು ತುಳಿಯುವ ಪದ್ಧತಿ ಇರಲಿಲ್ಲ. ಮರುದಿನ ಬೆಳಿಗ್ಗೆ ಗಂಡ ಮಣ್ಣು ತುಳಿದು ಮುಗಿಸಿ ಕೆರೆಯ ಕಡೆ ಹೋದ ಮೇಲೆ, ಅವಳು ಸೀರೆಯ ನೆರಿಗೆ ಎತ್ತಿ ಕಟ್ಟಿ ಆ ಮಣ್ಣಿನೊಳಗೆ ಇಳಿದಳು. ಮೊದಲ ಹೆಜ್ಜೆಗೇ ಒಂದು ಹರಳು ಒತ್ತಿತು. ಎರಡನೆಯ ಹೆಜ್ಜೆಗೆ ಎರಡು. ಹಿಡಿ ತುಂಬುವಷ್ಟು ಹೆಕ್ಕಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಆಮೇಲೆ ಅಲ್ಲೇ, ಮಣ್ಣಿನ ನಡುವೆ ನಿಂತುಕೊಂಡೇ ಅತ್ತಳು.

ಮಧ್ಯಾಹ್ನ ಊಟ ಮಾಡಿ ಅವನು ಜಗಲಿಯ ಮೇಲೆ ಒರಗಿದ್ದ. ಅವಳು ಅಂಗಳದಲ್ಲಿ ಬಿದ್ದಿದ್ದ ಒಂದು ಕೋಳಿ ಪುಕ್ಕ ತೆಗೆದುಕೊಂಡು ಬಂದು ಅವನ ಕಾಲ ಹತ್ತಿರ ಕುಳಿತಳು.

“ಕಣ್ಣು ಮುಚ್ಚಿ. ಎಲ್ಲಿ ಮುಟ್ಟಿದೆ ಅಂತ ಹೇಳಬೇಕು.”

ಅವನಿಗೆ ಎಷ್ಟು ಹಿತವಾಯಿತೆಂದರೆ! ಕೈ ಕೆಟ್ಟಿದೆ ಎಂದ ದಿನದಿಂದ ಅವಳು ಸರಿಯಾಗಿ ಮುಖ ಕೊಟ್ಟು ಮಾತಾಡಿರಲಿಲ್ಲ. ಈಗ ತಾನಾಗಿಯೇ ಬಂದು ಹೊಸ ಮದುವಣಗಿತ್ತಿಯ ಹಾಗೆ ಆಟ ಆಡುತ್ತಿದ್ದಾಳೆ. ಅವನು ನಗುತ್ತಾ ಕಣ್ಣು ಮುಚ್ಚಿದ.

ಮೊಣಕಾಲಿನ ಕೆಳಗೆ ಮುಟ್ಟಿದಳು. ಸರಿಯಾಗಿ ಹೇಳಿದ. ಕಣಕಾಲಿಗೆ ಮುಟ್ಟಿದಳು. ಸ್ವಲ್ಪ ತಡೆದು, ಅದನ್ನೂ ಹೇಳಿದ. ಆಮೇಲೆ ಸುಮ್ಮನೆ ಮಲಗಿದ್ದ. ಸ್ವಲ್ಪ ಹೊತ್ತಾಯಿತು. ಅವನು ಕಣ್ಣು ಮುಚ್ಚಿಕೊಂಡೇ, ನಗು ಹಾಗೇ ಇಟ್ಟುಕೊಂಡು ಕೇಳಿದ.

“ಯಾಕೆ ನಿಲ್ಲಿಸಿಬಿಟ್ಟೆ? ಮುಟ್ಟೇ.”

“ಮುಟ್ಟುತ್ತಲೇ ಇದ್ದೇನೆ” ಎಂದಳು ಅವಳು.

ಅವನು ಕಣ್ಣು ತೆರೆದ. ಪುಕ್ಕ ಅವನ ಹೆಬ್ಬೆರಳಿನ ಮೇಲೆ ಇತ್ತು. ಅವನು ನೋಡುತ್ತಿದ್ದಂತೆ ಅವಳು ಅದನ್ನು ಐದೂ ಬೆರಳುಗಳ ಮೇಲೆ ಮೆಲ್ಲಗೆ ಎಳೆದಳು. ಕಣ್ಣಿಗೆ ಕಂಡಿತು. ಕಾಲಿಗೆ ತಿಳಿಯಲಿಲ್ಲ.

ಇಲ್ಲಿಗೆ ಬಂದಾಗ ಕೊಟ್ರಬಸಪ್ಪನಿಗೆ ತಡೆಯಲಾಗಲಿಲ್ಲ.

“ಬುದ್ಧಿ, ಆ ಕುಂಬಾರನಿಗೆ ಮೊದಲು ಅಂಗಾಲು ಉರಿಯುತ್ತಿತ್ತೇ?”

“ಬಾಯಿ ಹಾಕಬೇಡ ಎಂದಿದ್ದೆ” ಎಂದರು ಗುರುಗಳು. ಆಮೇಲೆ ದನಿ ತಗ್ಗಿಸಿ ಹೇಳಿದರು. “ಉರಿಯುತ್ತಿತ್ತು. ಆಮೇಲೆ ನಿಂತಿತು. ನಿಂತಿತಲ್ಲ ಎಂದು ಅವನಿಗೆ ಸಮಾಧಾನವಾಗಿತ್ತು.”

ಕೊಟ್ರಬಸಪ್ಪ ತನ್ನ ಎರಡೂ ಪಾದಗಳನ್ನು ಪಂಚೆಯ ಒಳಗೆ ಎಳೆದುಕೊಂಡ. ಗುರುಗಳು ಅದನ್ನು ನೋಡಿಯೂ ನೋಡದ ಹಾಗೆ ಕತೆ ಮುಂದುವರಿಸಿದರು.

ಅವಳು ಸೆರಗಿನ ಗಂಟು ಬಿಚ್ಚಿ ಹರಳುಗಳನ್ನು ಅವನ ಅಂಗೈಗೆ ಸುರಿದಳು. ಬೆಳಿಗ್ಗೆ ಅವನೇ ತುಳಿದ ಮಣ್ಣಿನ ಹರಳುಗಳು. ಅವನು ಬಹಳ ಹೊತ್ತು ಅವುಗಳನ್ನು ನೋಡಿದ. ಬೆಣ್ಣೆಯಂಥ ಮಣ್ಣು ಕೊಟ್ಟಳೆಂದು ಕೆರೆಯಮ್ಮನಿಗೆ ಒಡೆದ ಕಾಯಿ ನೆನಪಾಯಿತು.

“ನಿನ್ನ ಕೈ ಕೆಟ್ಟಿದೆ ಅಂದೆ. ಕೆಟ್ಟದ್ದು ನನ್ನ ಕಾಲು” ಎಂದ.

“ಕಾಲು ಇನ್ನೂ ಕೆಟ್ಟಿಲ್ಲ. ಸುದ್ದಿ ತರುವುದನ್ನು ಬಿಟ್ಟಿದೆ, ಅಷ್ಟೇ” ಎಂದಳು ಅವಳು. “ಕೆಡುವ ಮೊದಲು ನಾಳೆ ಹೋಗಿ ತೋರಿಸೋಣ.”

ಪಟ್ಟಣದ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಗಾಯ ಇದೆಯೇ ಎಂದು ಕೇಳಿದರು. ಇಲ್ಲ ಎಂದ. ನೋವು ಇದೆಯೇ ಎಂದರು. ಇಲ್ಲ ಎಂದ. ಹಾಗಾದರೆ ಏಕೆ ಬಂದಿರಿ ಎಂದರು. ಕುಂಬಾರನಿಗೆ ಹೇಗೆ ಹೇಳುವುದೋ ತಿಳಿಯದೆ ಜೇಬಿನಿಂದ ಹರಳುಗಳನ್ನು ತೆಗೆದು ಮೇಜಿನ ಮೇಲೆ ಇಟ್ಟ. ಉಳಿದದ್ದನ್ನು ಹೆಂಡತಿ ಹೇಳಿದಳು. ಆಕೆ ಹೇಳಿ ಮುಗಿಸುವವರೆಗೂ ಡಾಕ್ಟರಮ್ಮ ಒಂದು ಹರಳನ್ನು ಬೆರಳಲ್ಲಿ ಹೊರಳಿಸುತ್ತಾ ಕುಳಿತಿದ್ದರು.

“ಇಲ್ಲಿಗೆ ಎಲ್ಲರೂ ಹುಣ್ಣು ಹೊತ್ತುಕೊಂಡು ಬರುತ್ತಾರೆ. ಹರಳು ಹಿಡಿದುಕೊಂಡು ಬಂದವರು ನೀವೇ ಮೊದಲು” ಎಂದರು.

ಆಮೇಲೆ ಅವರು ಕೂದಲಿನಂಥ ಒಂದು ಎಳೆಯನ್ನು ಅವನ ಪಾದದ ಅಲ್ಲಲ್ಲಿ ಒತ್ತಿ ಒತ್ತಿ ಕೇಳಿದರು. ಹೆಂಡತಿ ಕೋಳಿ ಪುಕ್ಕದಲ್ಲಿ ಮಾಡಿದ್ದನ್ನೇ ಡಾಕ್ಟರಮ್ಮ ಓದಿಕೊಂಡು ಮಾಡಿದರು. ಬೆರಳುಗಳ ನರಕ್ಕೆ ಪೆಟ್ಟು ಬಿದ್ದಿದೆ, ಹಿಮ್ಮಡಿಯಲ್ಲಿ ಇನ್ನೂ ಅರಿವು ಇದೆ ಎಂದರು. ಹೋದದ್ದು ಪೂರ್ತಿ ಮರಳಿ ಬರುತ್ತದೆ ಎಂದು ಸುಳ್ಳು ಹೇಳಲಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದರು. ಸಕ್ಕರೆಯನ್ನು ಹಿಡಿತದಲ್ಲಿ ಇಡಬೇಕು, ದಿನವೂ ಅಂಗಾಲು ನೋಡಿಕೊಳ್ಳಬೇಕು, ಬರಿಗಾಲಲ್ಲಿ ಒಂದು ಹೆಜ್ಜೆಯನ್ನೂ ಇಡಬಾರದು ಎಂದರು.

ಕೊನೆಯ ಮಾತು ಕುಂಬಾರನ ಎದೆಗೆ ಒದ್ದಂತಾಯಿತು. ಚಪ್ಪಲಿ ಮೆಟ್ಟಿಕೊಂಡು ಮಣ್ಣು ತುಳಿದವರು ಅವನ ವಂಶದಲ್ಲಿ ಯಾರೂ ಇರಲಿಲ್ಲ. ಮನೆಗೆ ಬಂದು ಮಣ್ಣಿನ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತ. ಕಾಲು ಉಳಿಯಿತು, ಕಸುಬು ಹೋಯಿತು ಎಂದುಕೊಂಡ. ಹೆಂಡತಿ ಅವನ ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಅವನು ಅವಳ ಪಾದಗಳನ್ನು ನೋಡಿದ. ನೆರಿಗೆಯ ಅಂಚಿನಲ್ಲಿ, ಅವಳು ಕದ್ದು ಮಣ್ಣಿಗೆ ಇಳಿದ ದಿನದ ಕಲೆ ಹಾಗೇ ಇತ್ತು.

ಅವನು ಎದ್ದು ಅವಳ ಕೈ ಹಿಡಿದ. ನಾಲ್ಕು ಜನ ನೋಡುತ್ತಿರುವಂತೆಯೇ ಅವಳನ್ನು ಮಣ್ಣಿನೊಳಗೆ ಇಳಿಸಿದ.

“ಹಿಮ್ಮಡಿ ಊರು. ಹೂಂ, ಈಗ ಬೆರಳು ಎಳಿ. ಅವಸರ ಮಾಡಬೇಡ” ಎಂದು ಹೇಳಿಕೊಟ್ಟ.

ಹೆಂಗಸು ಮಣ್ಣು ತುಳಿಯುವುದೇ ಎಂದು ಊರವರು ಮೂಗು ಮುರಿದರು. ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಪಕ್ಕದಲ್ಲಿ ಮಣೆ ಹಾಕಿ ಕುಳಿತಿರುತ್ತಿದ್ದ. ಅವಳು ತಟ್ಟನೆ ನಿಂತರೆ, “ಸಿಕ್ಕಿತಾ?” ಎನ್ನುತ್ತಿದ್ದ. “ಸಿಕ್ಕಿತು” ಎಂದು ಅವಳು ಹರಳನ್ನು ಹೆಗಲ ಮೇಲಿಂದ ಎಸೆಯುತ್ತಿದ್ದಳು, ಹಿಂದೆ ತಿರುಗಿ ನೋಡದೆ, ಥೇಟು ಅವನ ಹಾಗೆಯೇ. ಚಕ್ರದ ಮುಂದೆ ಅವನ ಕೈ ಎಂದಿನಂತೆ ಆಡುತ್ತಿತ್ತು. ಮಡಕೆಗಳು ಮತ್ತೆ ನೀರು ಹಿಡಿದು ನಿಂತವು.

ದಿನವೂ ಇಳಿಹೊತ್ತಿನ ಬೆಳಕು ಇರುವಾಗ ಅವಳು ಅವನ ಪಾದಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಬೆರಳ ಸಂದುಗಳನ್ನು ಬಿಡಿಸಿ, ಅಂಗಾಲು ತಿರುಗಿಸಿ ನೋಡುತ್ತಿದ್ದಳು. ಮೊದಮೊದಲು ಅವನು ನಾಚಿ ಮುಖ ತಿರುಗಿಸುತ್ತಿದ್ದ. ಆಮೇಲಾಮೇಲೆ ಅವಳು ಕೆಲಸದಲ್ಲಿ ಮರೆತರೆ ತಾನೇ ಬಂದು ಕಾಲು ಚಾಚಿ ಕೂರುತ್ತಿದ್ದ. ಒಂದು ದಿನ ಅವಳಿಗೆ ಅವನ ಕಿರುಬೆರಳ ಬುಡದಲ್ಲಿ ಚಪ್ಪಲಿ ತೂರಿ ಬಂದ ಒಂದು ಜಾಲಿಯ ಮುಳ್ಳು ಕಂಡಿತು. ಅವನಿಗೆ ಗೊತ್ತೇ ಇರಲಿಲ್ಲ. ತೆಗೆದಳು, ತೊಳೆದಳು, ಔಷಧ ಹಚ್ಚಿದಳು. ಚಿಕ್ಕಪ್ಪನ ಕಾಲು ನುಂಗಿದ ಮುಳ್ಳು ಅವನ ಪಾಲಿಗೆ ಬರೀ ಮುಳ್ಳಾಗಿ ಹೋಯಿತು. ಆ ಕುಂಬಾರ ತನ್ನ ಎರಡು ಕಾಲಿನ ಮೇಲೆಯೇ ಮುದುಕನಾದ.

ಗುರುಗಳು ಕತೆ ನಿಲ್ಲಿಸಿದರು.

ಕೊಟ್ರಬಸಪ್ಪನ ಕಣ್ಣು ತೇವವಾಗಿತ್ತು. ಹಾಲಮ್ಮ ರೊಟ್ಟಿ ಇಟ್ಟು ಒಳಗೆ ಹೋದದ್ದು ನೆನಪಾಯಿತು. ಮಾತು ಬಿಟ್ಟವಳ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ ಎಂದು ಈಗ ಹೊಳೆಯಿತು. ಆದರೂ ವಾದ ಮಾಡಿ ಪಳಗಿದ ನಾಲಿಗೆ ಸುಮ್ಮನಿರಲಿಲ್ಲ.

“ಬುದ್ಧಿ, ಕತೆ ದೊಡ್ಡದು. ಆದರೆ ಆ ಕುಂಬಾರನಿಗೆ ಹೇಳಲು ಮಣ್ಣಿನಲ್ಲಿ ಹರಳು ಇತ್ತು. ನಾನು ಗಿರಣಿಯವನು. ನನ್ನ ಕಾಲಿನ ಸುದ್ದಿ ನನಗೆ ಹೇಳುವುದಕ್ಕೆ ಏನಿದೆ?”

ಗುರುಗಳು ಕಟ್ಟೆಯ ಬುಡದ ಕಡೆ ಕಣ್ಣಿನಲ್ಲೇ ತೋರಿಸಿ, ತಾಯಿಯಂಥ ದನಿಯಲ್ಲಿ ಕೇಳಿದರು.

“ನೀನು ಇಲ್ಲಿಗೆ ಬಂದದ್ದು ಒಂದೇ ಚಪ್ಪಲಿಯಲ್ಲಿ, ಕೊಟ್ರಬಸಪ್ಪ. ಇನ್ನೊಂದು ಚಪ್ಪಲಿ ಕಾಲಿನಿಂದ ಎಲ್ಲಿ ಕಳಚಿತು?”

ಕೊಟ್ರಬಸಪ್ಪ ಬಗ್ಗಿ ನೋಡಿದ. ಬುಡದಲ್ಲಿ ಇದ್ದದ್ದು ಒಂಟಿ ಚಪ್ಪಲಿ; ಅವನು ಪಂಚೆಯೊಳಗಿನ ಪಾದಗಳನ್ನು ಹೊರಗೆ ಚಾಚಿ, ಅಂಗಾಲು ತಿರುಗಿಸಿ ನೋಡಿಕೊಂಡ.